ಕುಕ್ಕಿ ಮೇಲೆ ಕಿನ್ನಾಳದ ಆನೆ: ಕೊಪ್ಪಳದ ಬಿಸಿಲಲ್ಲಿ ತಿನ್ನುವ ಹಾಳೆಯ ಕೆಲಸ

ಐಸಿಂಗ್ ಶೀಟ್ ಅಂದರೆ ಚಿತ್ರ ಪ್ರಿಂಟ್ ಮಾಡಿ ಕೇಕು, ಕುಕ್ಕಿ (ಬಿಸ್ಕತ್ತು) ಮೇಲೆ ಅಂಟಿಸುವ, ತಿನ್ನುವ ಹಾಳೆ. ಅದನ್ನು ಬಳಸುವುದು ಹೇಗೆ ಅಂತ ಹುಡುಕಿದರೆ ಸಿಗುವ ಸೂಚನೆಗಳೆಲ್ಲ ತೇವದ ಊರಿನವರು ಬರೆದವು. "ಹಾಳೆಗೆ ಗಾಳಿಯ ತೇವ ತಾಗದಂತೆ ನೋಡಿಕೊಳ್ಳಿ, ಹಿಂದಿನ ಪ್ಲಾಸ್ಟಿಕ್ ಬಿಡದಿದ್ದರೆ ಹೇರ್ ಡ್ರೈಯರ್ ಹಿಡಿಯಿರಿ" ಅಂತ ಇರುತ್ತದೆ. ಮಂಗಳೂರಿಗೆ ಅದು ಸರಿ. ಕೊಪ್ಪಳದ ಏಪ್ರಿಲ್‌ನಲ್ಲಿ ಪಾದರಸ 40 ಡಿಗ್ರಿಯ ಹತ್ತಿರ ಇರುತ್ತದೆ, ಹಿತ್ತಲಲ್ಲಿ ಹಾಕಿದ ಬಟ್ಟೆ ತಿರುಗಿ ನೋಡುವಷ್ಟರಲ್ಲಿ ಒಣಗಿರುತ್ತದೆ. ಇಲ್ಲಿ ಹೇರ್ ಡ್ರೈಯರ್ ಹಿಡಿದರೆ ಹಾಳೆ ಪುಡಿಪುಡಿ. ನಮ್ಮ ಕಡೆ ಈ ಕೆಲಸ ಮಾಡುವವರು ಆ ಸೂಚನೆಗಳಲ್ಲಿ ಅರ್ಧದಷ್ಟನ್ನು ತಿರುಗಿಸಿ ಓದಬೇಕು. ಹೇಗೆ ಅಂತ ಬರೆಯುತ್ತೇನೆ.

ನನ್ನದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ವಿಸಿಟಿಂಗ್ ಕಾರ್ಡ್, ಗವಿಮಠದ ಜಾತ್ರೆ ಬಂದಾಗ ಬ್ಯಾನರ್. ತಂಗಿ ಮನೆಯಲ್ಲೇ ಕೇಕು, ಕುಕ್ಕಿ ಮಾಡಿ ಮಾರುತ್ತಾಳೆ. ಒಂದು ಮಗುವಿನ ಮೊದಲ ಹುಟ್ಟುಹಬ್ಬಕ್ಕೆ 60 ಕುಕ್ಕಿ ಬೇಕು, ಎಲ್ಲದರ ಮೇಲೂ ಚಿತ್ರ ಇರಬೇಕು ಅಂತ ಆರ್ಡರ್ ಬಂತು. ಕೈಯಲ್ಲಿ ಬರೆಯುತ್ತಾ ಕೂತರೆ ಮುಗಿಯುವ ಕೆಲಸ ಅಲ್ಲ. "ಅಣ್ಣಾ, ಪ್ರಿಂಟರ್ ಕೆಲಸ ನಿಂದು, ಒಲೆ ಕೆಲಸ ನಂದು" ಅಂದಳು. ಹಾಗೆ ಪಾಲು ಹಂಚಿಕೊಂಡೆವು.

ಗಿರಾಕಿ ಕೇಳಿದ್ದು ಮಗುವಿನ ಫೋಟೊ. ಕಳಿಸಿಯೂ ಆಗಿತ್ತು. ಅಷ್ಟರಲ್ಲಿ ಮಗುವಿನ ಅಜ್ಜಿ ಫೋನಿಗೆ ಬಂದರು.

"ಏನ್ರೀ, ನಮ್ಮ ಕೂಸಿನ ಮಾರೀನ ಬಂದ ಮಂದಿಯೆಲ್ಲಾ ಕಡಕೊಂಡು ತಿನ್ನೋದೇನ್ರೀ? ಬ್ಯಾಡ್ರೀ ಅದು."

ಇದಕ್ಕೆ ಎದುರು ಮಾತಿಲ್ಲ. ಹಾಗಾದರೆ ಗಣಪ ಇರಲಿ ಅಂದರೆ ಅದು ಇನ್ನೂ ಬೇಡ. ದೇವರನ್ನು ಹಲ್ಲಲ್ಲಿ ಕಡಿಯುವುದು ಹೇಗೆ? ಮಕ್ಕಳು ಅರ್ಧ ತಿಂದು ತಟ್ಟೆಯಲ್ಲಿ ಬಿಟ್ಟರೆ ಅದನ್ನು ಎಲ್ಲಿ ಹಾಕುವುದು? ಕೊನೆಗೆ ಅವರ ಮನೆಯ ಶೋಕೇಸ್‌ನಲ್ಲಿದ್ದ ಕಿನ್ನಾಳದ ಮರದ ಗೊಂಬೆಗಳು ಎಲ್ಲರಿಗೂ ಒಪ್ಪಿಗೆಯಾದವು. ಆನೆ, ಗಿಳಿ ಸರಿ. ಪಕ್ಕದಲ್ಲಿದ್ದ ಕಾಮಧೇನು ಬೇಡ. ಈಗ ತಂಗಿ ಆರ್ಡರ್ ಹಿಡಿಯುವಾಗಲೇ ಕೇಳಿಬಿಡುತ್ತಾಳೆ, "ಮನ್ಯಾಗ ಹಿರೇರನ್ನ ಕೇಳೀರೇನ್ರೀ?"

ಹಾಳೆಯಲ್ಲಿ ಎರಡು ಜಾತಿ. ವೇಫರ್ ಪೇಪರ್ ಅನ್ನುವುದು ಆಲೂಗಡ್ಡೆ ಪಿಷ್ಟ, ನೀರು, ಸ್ವಲ್ಪ ಎಣ್ಣೆಯಿಂದ ಮಾಡಿದ್ದು. ತೆಳ್ಳಗೆ, ಗರಿಗರಿ, ರುಚಿ ಇಲ್ಲ, ಅಗ್ಗ. ಒಂದು ಮುಖ ನುಣುಪು, ಇನ್ನೊಂದು ತರಿ. ಪ್ರಿಂಟ್ ನುಣುಪು ಮುಖಕ್ಕೆ. ನೀರು ತಾಗಿದರೆ ಸುಕ್ಕಾಗಿ ಕರಗುತ್ತದೆ. ಐಸಿಂಗ್ ಶೀಟ್ ಅನ್ನುವುದು ಪಿಷ್ಟದ ಜೊತೆ ಸಕ್ಕರೆ, ಗ್ಲುಕೋಸ್, ಗ್ಲಿಸರಿನ್ ಸೇರಿಸಿ ಪ್ಲಾಸ್ಟಿಕ್ ಹಾಳೆಯ ಮೇಲೆ ತೆಳ್ಳಗೆ ಎಳೆದದ್ದು. ದುಬಾರಿ. ಆದರೆ ಕುಕ್ಕಿಯ ಐಸಿಂಗ್, ಅಂದರೆ ಸಕ್ಕರೆ ಲೇಪದ ಮೇಲೆ ಇಟ್ಟರೆ ಅದರಲ್ಲೇ ಕೂಡಿಕೊಳ್ಳುತ್ತದೆ, ಅಂಚು ಕಾಣುವುದಿಲ್ಲ, ಬಾಯಿಗೂ ಕಾಗದ ಅನ್ನಿಸುವುದಿಲ್ಲ. ಕುಕ್ಕಿಗೆ ನಾನು ಹೇಳುವುದು ಐಸಿಂಗ್ ಶೀಟೇ. ವೇಫರ್ ಪೇಪರ್ ಕೇಕಿನ ಮೇಲೆ ಚಿಟ್ಟೆ, ಹೂವು ಮಾಡಿ ನಿಲ್ಲಿಸುವುದಕ್ಕೆ ಚೆನ್ನ. ಪ್ಯಾಕೆಟ್ ಮೇಲೆ ಹಸಿರು ಚುಕ್ಕಿ, ಪದಾರ್ಥಗಳ ಪಟ್ಟಿ, ತಾರೀಕು ನೋಡಿ ತೆಗೆದುಕೊಳ್ಳಿ.

ಪ್ರಿಂಟರ್ ವಿಷಯದಲ್ಲಿ ಒಂದೇ ಮಾತು. ಮಾಮೂಲಿ ಶಾಯಿ ಒಂದು ಸಲವೂ ಹೋಗಿರದ ಹೊಸ ಇಂಕ್‌ಜೆಟ್ ಬೇಕು. ಅಂಗಡಿಯ ಹಳೇ ಪ್ರಿಂಟರ್ ತೊಳೆದು ತಿನ್ನುವ ಶಾಯಿ ತುಂಬಿಸುತ್ತೇನೆ ಅನ್ನುವವರಿದ್ದಾರೆ. ಹೆಡ್ಡು, ಪೈಪು, ಸ್ಪಾಂಜು ಎಲ್ಲದರಲ್ಲೂ ಹಳೇ ಶಾಯಿ ಕೂತಿರುತ್ತದೆ, ಅದು ಪೂರ್ತಿ ಹೋಗುವುದಿಲ್ಲ. ಲೇಸರ್ ಪ್ರಿಂಟರ್ ಅಂತೂ ಆಗುವುದೇ ಇಲ್ಲ, ಅದರಲ್ಲಿ ಇರುವುದು ಟೋನರ್ ಪುಡಿ. ಪ್ರಿಂಟರ್ ಕೊಳ್ಳುವ ಮನಸ್ಸಿಲ್ಲದಿದ್ದರೆ ಕೇಕ್ ಸಾಮಾನಿನ ದೊಡ್ಡ ಅಂಗಡಿಗಳಲ್ಲಿ ಪ್ರಿಂಟ್ ಮಾಡಿಕೊಡುತ್ತಾರೆ. ಆದರೆ ಚಿತ್ರವನ್ನು ವಾಟ್ಸಾಪ್‌ನಲ್ಲಿ ಫೋಟೊ ಆಗಿ ಕಳಿಸಬೇಡಿ, ಅದು ಕುಗ್ಗಿ ಮಸುಕಾಗುತ್ತದೆ. ಪಿಡಿಎಫ್ ಮಾಡಿ ಡಾಕ್ಯುಮೆಂಟ್ ಆಗಿ ಕಳಿಸಿ, ಅಳತೆಯೂ ಕೆಡುವುದಿಲ್ಲ.

ಇನ್ನು ಶಾಯಿ. 2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯದಲ್ಲಿ ಬಾಂಬೆ ಮಿಠಾಯಿ, ಗೋಬಿ ಮಂಚೂರಿಗೆ ಹಾಕುವ ಕೃತಕ ಬಣ್ಣದ ಮೇಲೆ ನಿಷೇಧ ಬಂತಲ್ಲ, ಆಗಿನಿಂದ ಬಣ್ಣ ಅಂದರೆ ಗಿರಾಕಿಗಳು ಹತ್ತು ಪ್ರಶ್ನೆ ಕೇಳುತ್ತಾರೆ. ಕೇಳಬೇಕಾದ್ದೇ. ಬಾಂಬೆ ಮಿಠಾಯಿಯಲ್ಲಿ ಸಿಕ್ಕ ರೋಡಮಿನ್-ಬಿ ಬಟ್ಟೆಗೆ ಹಾಕುವ ಬಣ್ಣ, ತಿನ್ನುವ ಯಾವುದಕ್ಕೂ ಅದನ್ನು ಹಾಕುವ ಹಾಗಿಲ್ಲ. ತಿನ್ನುವ ಶಾಯಿಯ ಡಬ್ಬಿಯ ಮೇಲೆ ಟಾರ್ಟ್ರಜಿನ್ ಅಂದರೆ 102, ಕಾರ್ಮೋಯಿಸಿನ್ 122, ಬ್ರಿಲಿಯಂಟ್ ಬ್ಲೂ 133, ಈ ತರಹದ ನಂಬರು ಇರಬೇಕು. ಇವು ನಮ್ಮ ದೇಶದಲ್ಲಿ ಆಹಾರಕ್ಕೆ ಒಪ್ಪಿಗೆ ಇರುವ ಬಣ್ಣಗಳು. ಒಪ್ಪಿಗೆಗೂ ಮಿತಿ ಇದೆ, ಅದಕ್ಕೇ ಚಿತ್ರದ ತುಂಬ ಬಣ್ಣ ಸುರಿಯುವುದಿಲ್ಲ. ನಂಬರೇ ಇಲ್ಲದ ಬಾಟಲಿಯನ್ನು ಯಾರು ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ.

ಗೊಂಬೆಯ ಫೋಟೊ ತೆಗೆಯಲು ಬೆಳಿಗ್ಗೆ ಹೋದೆ. ಫ್ಲ್ಯಾಶ್ ಹಾಕಿದರೆ ಮೇಲಿನ ಹೊಳಪು ಬಿಳಿ ಚುಕ್ಕಿಯಾಗಿ ಬೀಳುತ್ತದೆ. ಆನೆಯನ್ನು ಕಿಟಕಿಯ ಪಕ್ಕ, ಬಿಳಿ ಹಾಳೆಯ ಮೇಲೆ ನಿಲ್ಲಿಸಿ ತೆಗೆದೆ. ಫೋಟೊವನ್ನೇ ಪ್ರಿಂಟ್ ಮಾಡಬಹುದು, ಆದರೆ ಐದೂವರೆ ಸೆಂಟಿಮೀಟರ್ ಜಾಗದಲ್ಲಿ ನೆರಳು, ಮಡಿಕೆ ಎಲ್ಲ ಸೇರಿ ಗಲೀಜಾಗುತ್ತದೆ. ಕೋರಲ್‌ಡ್ರಾ ಅನ್ನುವ ಸಾಫ್ಟ್‌ವೇರ್‌ನಲ್ಲಿ ಗೆರೆ ಎಳೆದು, ಬಣ್ಣಗಳನ್ನು ಸಪಾಟಾಗಿ ತುಂಬಿಸಿದೆ. ಕೆಂಪು ಜೂಲು, ಹಳದಿ ಅಂಚು, ಹಸಿರು ಪಟ್ಟಿ. ಗೆರೆಗೆ ಕಪ್ಪು ಇಡಲಿಲ್ಲ. ತಿನ್ನುವ ಶಾಯಿಯ ಕಪ್ಪು ನಿಜವಾದ ಕಪ್ಪಲ್ಲ, ಸ್ವಲ್ಪ ಹಸಿರಿಗೆ ತಿರುಗಿದ ಹಾಗೆ ಬರುತ್ತದೆ. ಗಾಢ ಕಂದು ಇಟ್ಟರೆ ಅದು ಬೇಕೆಂದೇ ಮಾಡಿದ ಹಾಗೆ ಕಾಣುತ್ತದೆ. ಕೆಂಪು ಗುಲಾಬಿಯ ಕಡೆ ಜಾರುತ್ತದೆ, ಹಾಗಾಗಿ ಅದಕ್ಕೆ ಹಳದಿ ಸ್ವಲ್ಪ ಜಾಸ್ತಿ ಬೆರೆಸಬೇಕು. ಒಟ್ಟಾರೆ ಪರದೆಯ ಮೇಲೆ ಕಣ್ಣಿಗೆ ಹೊಡೆಯುವಷ್ಟು ಬಣ್ಣ ಇಟ್ಟರೆ ಹಾಳೆಯ ಮೇಲೆ ಹದವಾಗಿ ಬರುತ್ತದೆ.

ಮಗುವಿನ ಹೆಸರು ಸೃಷ್ಟಿ. ಡಿಟಿಪಿಯವನಿಗೆ ಇದೇ ಪರೀಕ್ಷೆ. ಐಸಿಂಗ್ ಶೀಟ್ ಮೇಲೆ ಶಾಯಿ ಕೂದಲೆಳೆಯಷ್ಟು ಹರಡುತ್ತದೆ. ಇಂಗ್ಲಿಷ್ ಅಕ್ಷರಕ್ಕೆ ಅದು ಗೊತ್ತಾಗುವುದಿಲ್ಲ. ನಮ್ಮ ಒತ್ತಕ್ಷರಕ್ಕೆ ಗೊತ್ತಾಗುತ್ತದೆ. ಷ ಕೆಳಗಿನ ಟ ಒತ್ತಿನ ಹೊಟ್ಟೆ ತುಂಬಿಕೊಂಡು ಒಂದು ಮಸಿ ಬಿಂದು ಆಗುತ್ತದೆ. ಸ ಕೆಳಗಿನ ಸುಳಿಯ ಬಾಲವೂ ಹಾಗೇ. ಲಗ್ನಪತ್ರಿಕೆಗೆ ಇಷ್ಟವಾಗುವ ದಪ್ಪ ಅಕ್ಷರ ಇಲ್ಲಿ ಆಗುವುದಿಲ್ಲ. ಗೆರೆ ತೆಳ್ಳಗಿರುವ, ಒತ್ತು ಅಗಲವಾಗಿ ಬಿಡಿಸಿಕೊಂಡಿರುವ ಅಕ್ಷರ ಬೇಕು. 20 ಪಾಯಿಂಟ್‌ಗಿಂತ ಕೆಳಗೆ ಇಳಿಯಲಿಲ್ಲ. ಅಕ್ಷರವನ್ನು ಕರ್ವ್‌ಗೆ, ಅಂದರೆ ಬೇಕಾದ ಹಾಗೆ ಎಳೆಯಬಹುದಾದ ಗೆರೆಗಳಿಗೆ ತಿರುಗಿಸಿ, ಒತ್ತನ್ನು ಮಾತ್ರ ಹಿಡಿದು ಒಂದೆಳೆ ಕೆಳಗೆ ಎಳೆದೆ. ನೋಡುವವರಿಗೆ ಗೊತ್ತಾಗುವುದಿಲ್ಲ, ಓದಲು ಮಾತ್ರ ಸಲೀಸು.

ಕುಕ್ಕಿ ಆರೂವರೆ ಸೆಂಟಿಮೀಟರ್ ಅಗಲ, ಚಿತ್ರ ಐದೂವರೆ. 300 ಡಿಪಿಐನಲ್ಲಿ, ಅಂದರೆ ಇಂಚಿಗೆ 300 ಚುಕ್ಕಿಯ ಲೆಕ್ಕದಲ್ಲಿ, ಅದು 650 ಪಿಕ್ಸೆಲ್. ನಡುವೆ ಅರ್ಧ ಸೆಂಟಿಮೀಟರ್ ಬಿಟ್ಟು ಎ4 ಹಾಳೆಯಲ್ಲಿ ಅಡ್ಡಕ್ಕೆ 3, ಉದ್ದಕ್ಕೆ 4, ಒಟ್ಟು 12 ಕೂರುತ್ತವೆ. 60 ಕುಕ್ಕಿಗೆ 5 ಹಾಳೆ. ಒಂದು ಜಾಸ್ತಿ ಇಟ್ಟುಕೊಳ್ಳಿ.

ಇಲ್ಲಿ ಬಿಳಿಯ ಮಾತು ಬರಬೇಕು. ಪ್ರಿಂಟರ್‌ನಲ್ಲಿ ಬಿಳಿ ಶಾಯಿ ಇಲ್ಲ. ಚಿತ್ರದಲ್ಲಿ ಬಿಳಿ ಇರುವ ಕಡೆ ಪ್ರಿಂಟರ್ ಏನೂ ಹಾಕುವುದಿಲ್ಲ, ಸುಮ್ನೆ ಬಿಡುತ್ತದೆ. ಉಳಿದ ಬಣ್ಣಗಳೂ ಗಾಜಿನಂತೆ ಪಾರದರ್ಶಕ, ಹಾಳೆಯೂ ತೆಳ್ಳಗೆ, ಕೆಳಗೆ ಏನಿದೆಯೋ ಅದು ಮೇಲೆ ಕಾಣುತ್ತದೆ. ಕಂದು ಕುಕ್ಕಿಯ ಮೇಲೆ ನೇರವಾಗಿ ಅಂಟಿಸಿದರೆ ಹಳದಿ ಗಿಳಿ ಕೆಸರಲ್ಲಿ ಬಿದ್ದು ಎದ್ದ ಬಣ್ಣ. ಕಿನ್ನಾಳದ ಚಿತ್ರಗಾರರು ಇದನ್ನು ನಮಗಿಂತ ಎಷ್ಟೋ ಮೊದಲು ತಿಳಿದವರು. ಹಗುರ ಮರ ಕೆತ್ತಿ, ಹುಣಸೆ ಬೀಜದ ಅಂಟು, ಮರದ ಹೊಟ್ಟು ಕಲಸಿದ ಕಿಟ್ಟ ಮೆತ್ತಿ, ಒಣಗಿದ ಮೇಲೆ ಮೊದಲು ಬಿಳಿ ಬಳಿಯುತ್ತಾರೆ. ಬಣ್ಣ ಏರುವುದು ಅದರ ಮೇಲೆ. ಕೆಂಪು ಅಷ್ಟು ಕೆಂಪಾಗಿ ಕಾಣುವುದು ಆ ಬಿಳಿಯಿಂದ. ಕುಕ್ಕಿಗೂ ಅದೇ ಲೆಕ್ಕ, ಬಿಳಿ ಐಸಿಂಗ್ ದಪ್ಪಗೆ, ಸಮನಾಗಿ ಇರಲೇಬೇಕು.

ಕುಕ್ಕಿ ಹಿಟ್ಟಿನ ವಿಷಯ ಬೇಗ ಮುಗಿಸುತ್ತೇನೆ, ಅದು ತಂಗಿಯ ಕ್ಷೇತ್ರ. ಮೈದಾ 700 ಗ್ರಾಂ, ಬೆಣ್ಣೆ 350, ಐಸಿಂಗ್ ಶುಗರ್ 250, ಕಲಸಲು ಬೇಕಾದಷ್ಟು ತಣ್ಣನೆ ಹಾಲು, ಏಲಕ್ಕಿ ಪುಡಿ. ಬೇಕಿಂಗ್ ಪೌಡರ್ ಹಾಕಬಾರದು, ಕುಕ್ಕಿ ಉಬ್ಬಿ ಮೇಲ್ಮೈ ಡುಬ್ಬ ಆಗುತ್ತದೆ. 6 ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿ, ಕಟರ್‌ನಲ್ಲಿ ಕತ್ತರಿಸಿ, ತಟ್ಟೆ ಸಮೇತ ಅರ್ಧ ಗಂಟೆ ಫ್ರಿಜ್ಜಿನಲ್ಲಿ ಇಡಬೇಕು. ಬೇಸಿಗೆಯಲ್ಲಿ ಇದನ್ನು ಬಿಟ್ಟರೆ ಬೆಣ್ಣೆ ಕರಗಿ ದುಂಡನೆಯ ಕುಕ್ಕಿ ಮೊಟ್ಟೆಯ ಆಕಾರಕ್ಕೆ ಬರುತ್ತದೆ. ಓಟಿಜಿ ಓವನ್‌ನಲ್ಲಿ 170 ಡಿಗ್ರಿ, 13ರಿಂದ 15 ನಿಮಿಷ. ಅಂಚು ಹೊಂಬಣ್ಣಕ್ಕೆ ತಿರುಗಲಿ. ಹಸಿ ಉಳಿದರೆ ಬಿಸಿಲಿಗೆ ಬೆಣ್ಣೆ ಮೇಲೆ ಏರಿ ಐಸಿಂಗ್‌ನಲ್ಲಿ ಹಳದಿ ಕಲೆ ಮೂಡುತ್ತದೆ, ಅದು ಚಿತ್ರದ ಮೇಲೂ ಬರುತ್ತದೆ.

ಐಸಿಂಗ್‌ಗೆ ಎಲ್ಲರೂ ಹೇಳುವುದು ಮೊಟ್ಟೆಯ ಬಿಳಿ, ಇಲ್ಲವೇ ಮೆರಿಂಗ್ ಪೌಡರ್. ಮೆರಿಂಗ್ ಪೌಡರ್ ಅಂದರೂ ಒಣಗಿಸಿದ ಮೊಟ್ಟೆಯೇ. ಈ ಗಿರಾಕಿಗಳ ಮನೆಯಲ್ಲಿ ಮೊಟ್ಟೆ ಬಾಗಿಲು ದಾಟುವಂತಿಲ್ಲ. ತಂಗಿ ಕಾಬೂಲಿ ಕಡಲೆ ಬೇಯಿಸಿದ ನೀರಿನಲ್ಲಿ ಮಾಡುತ್ತಾಳೆ. ಉಪ್ಪು, ಸೋಡಾ ಹಾಕದೆ ಬೇಯಿಸಿ, ಆ ನೀರನ್ನು ಅರ್ಧಕ್ಕೆ ಇಳಿಸಿ ಆರಿಸಬೇಕು. ಗಟ್ಟಿ ಲೋಳೆಯಂತೆ ಆಗುತ್ತದೆ. 120 ಎಂಎಲ್ ನೀರಿಗೆ ಸುಮಾರು 750 ಗ್ರಾಂ ಜರಡಿ ಹಿಡಿದ ಐಸಿಂಗ್ ಶುಗರ್, ನಾಲ್ಕು ಹನಿ ನಿಂಬೆರಸ. ಬೀಟರ್‌ನಲ್ಲಿ ಬೆಳ್ಳಗೆ ಆಗುವವರೆಗೆ ಬೀಸಿದರೆ ಮೊಟ್ಟೆಯದಕ್ಕೆ ಕಡಿಮೆ ಇಲ್ಲದ ಹಾಗೆ ಗಟ್ಟಿಯಾಗಿ ಒಣಗುತ್ತದೆ. ಕಡಲೆಯ ವಾಸನೆ? ಹಸಿಯಲ್ಲಿ ಇರುತ್ತದೆ, ಒಣಗಿದ ಮೇಲೆ ಏಲಕ್ಕಿ ಅದನ್ನು ಮುಚ್ಚುತ್ತದೆ. ಕಡಲೆ ರಾತ್ರಿಗೆ ಪಲ್ಯ ಆಯಿತು.

ಹದ ನೋಡುವುದು ಹೀಗೆ. ಬಟ್ಟಲಿನ ಐಸಿಂಗ್‌ನಲ್ಲಿ ಚಾಕುವಿನಿಂದ ಗೆರೆ ಎಳೆದು ಎಣಿಸಬೇಕು. ಹದಿನೈದು ಎಣಿಸುವಷ್ಟರಲ್ಲಿ ಗೆರೆ ಮುಚ್ಚಿಕೊಂಡರೆ ಸರಿ. ಬೇರೆ ಕಡೆಯವರು ಅರ್ಧ ಗಂಟೆ ಆರಾಮಾಗಿ ಕೆಲಸ ಮಾಡುತ್ತಾರಂತೆ. ಇಲ್ಲಿ ಬಟ್ಟಲು ತೆರೆದಿಟ್ಟು ಫೋನ್ ಎತ್ತಿದರೆ ಸಾಕು, ಮೇಲೆ ಕೆನೆ ಕಟ್ಟಿರುತ್ತದೆ. ಒದ್ದೆ ಬಟ್ಟೆ ಯಾವಾಗಲೂ ಬಟ್ಟಲಿನ ಮೇಲೆ ಇರಬೇಕು, ಐಸಿಂಗ್ ಹಿಂಡುವ ಪೈಪಿಂಗ್ ಬ್ಯಾಗಿನ ಮೂತಿಗೂ ಒಂದು ಒದ್ದೆ ಟಿಶ್ಯೂ. ಫ್ಯಾನ್ ಬಂದ್. ಕೋಣೆಯೊಳಗೆ ಬೆವರು ಸುರಿಯುತ್ತದೆ, ಏನೂ ಮಾಡುವ ಹಾಗಿಲ್ಲ. ಎಲ್ಲ ಕುಕ್ಕಿಯ ಮೇಲೂ ಐಸಿಂಗ್ ತುಂಬಿದ ಮೇಲೆ ಫ್ಯಾನ್ ಹಾಕಿ ರಾತ್ರಿ ಬಿಟ್ಟರೆ ಬೆಳಿಗ್ಗೆಗೆ ಕಲ್ಲು. ಒಣ ಹವೆ ನಮಗೆ ಉಪಕಾರ ಮಾಡುವುದು ಇದೊಂದೇ ಕಡೆ. ಇಪ್ಪತ್ತನಾಲ್ಕು ಗಂಟೆ ಕಾಯಿರಿ ಅನ್ನುವ ಸೂಚನೆಯನ್ನು ನಾವು ಧಾರಾಳವಾಗಿ ಮರೆಯಬಹುದು.

ಇನ್ನು ಹಾಳೆ. ಪ್ಯಾಕೆಟ್ ಒಡೆಯುವ ಮುಂಚೆ ಪ್ರಿಂಟರ್ ಪೂರ್ತಿ ತಯಾರಿರಬೇಕು. ನಾಝಲ್ ಚೆಕ್, ಅಂದರೆ ಶಾಯಿ ಬರುವ ತೂತುಗಳ ಪರೀಕ್ಷೆ, ವೇಫರ್ ಪೇಪರ್ ತುಂಡಿನ ಮೇಲೆ ಮಾಡಿ, ನಾಲ್ಕೂ ಬಣ್ಣದ ಗೆರೆ ತುಂಡಾಗದೆ ಬಂದಿವೆಯಾ ನೋಡಿ. ಆಮೇಲೆ ಒಂದು ಹಾಳೆ ತೆಗೆದು ತಕ್ಷಣ ಪ್ಯಾಕೆಟ್ ಜಿಪ್ ಹಾಕಿ. ಹಿಂದಿನ ಟ್ರೇಯಿಂದ ಒಂದೊಂದೇ ಹಾಳೆ ಕೊಡಬೇಕು. ಮುಂದಿನ ಟ್ರೇ ಹಾಳೆಯನ್ನು ಒಳಗೇ ಸುತ್ತಿ ತಿರುಗಿಸುತ್ತದೆ, ಆ ತಿರುವಿನಲ್ಲೇ ಐಸಿಂಗ್ ಬಿರುಕು ಬಿಡುತ್ತದೆ. ಪೇಪರ್ ಸೆಟ್ಟಿಂಗ್‌ನಲ್ಲಿ ಮ್ಯಾಟ್ ಇಟ್ಟೆ. ಗ್ಲಾಸಿ ಇಟ್ಟರೆ ಶಾಯಿ ಜಾಸ್ತಿ ಬಿದ್ದು ಒತ್ತಕ್ಷರ ಮುಳುಗುತ್ತದೆ.

ಪ್ರಿಂಟ್ ಆದ ಹಾಳೆ ಹತ್ತು ನಿಮಿಷ ಆರಬೇಕು, ಅದಕ್ಕಿಂತ ಜಾಸ್ತಿ ಹೊರಗೆ ಇಡಬಾರದು. ನಮ್ಮಲ್ಲಿ ಒಂದು ಹಾಳೆ ಮಧ್ಯಾಹ್ನದ ಹೊತ್ತು ಮೇಜಿನ ಮೇಲೆ ಉಳಿಯಿತು. ಊಟ ಮುಗಿಸಿ ಬಂದು ಮೂಲೆ ಹಿಡಿದು ಬಗ್ಗಿಸಿದರೆ ಚಟ್ ಅಂತ ಆನೆಯ ಸೊಂಡಿಲಿನ ಅಡ್ಡಕ್ಕೆ ಬಿರುಕು. ಉಳಿದ ಹನ್ನೊಂದನ್ನು ಉಳಿಸಿದ್ದು ಹೀಗೆ. ಸ್ಟೀಲ್ ಡಬ್ಬಿಯ ತಳಕ್ಕೆ ಹಿಂಡಿದ ಒದ್ದೆ ಬಟ್ಟೆ, ಅದರ ಮೇಲೆ ಬಟ್ಟೆಗೆ ತಾಗದ ಹಾಗೆ ಇಡ್ಲಿ ತಟ್ಟೆ, ತಟ್ಟೆಯ ಮೇಲೆ ಹಾಳೆಯನ್ನು ಕತ್ತರಿಸಿದ ತುಂಡುಗಳು, ಮುಚ್ಚಳ. ಐದಾರು ನಿಮಿಷಕ್ಕೊಮ್ಮೆ ತೆಗೆದು ನೋಡಬೇಕು. ಮೂಲೆ ಬಾಗಿದರೆ ಮುರಿಯಬಾರದು, ಬೆರಳಿಗೆ ಅಂಟಲೂಬಾರದು. ಅಂಟು ಬಂತು ಅಂದರೆ ಹೊತ್ತು ಮೀರಿದೆ, ಶಾಯಿ ಹರಡಲು ಶುರುವಾಗುತ್ತದೆ. ಆಗ ಫ್ಯಾನ್ ಕೆಳಗೆ ಒಂದು ನಿಮಿಷ ಸಾಕು.

ಕತ್ತರಿಸುವುದು ಪ್ಲಾಸ್ಟಿಕ್ ಸಮೇತ. ಹರಿತವಾದ ಸಣ್ಣ ಕತ್ತರಿ ಬೇಕು, ಕತ್ತರಿಯನ್ನು ನಿಲ್ಲಿಸಿ ಹಾಳೆಯನ್ನು ತಿರುಗಿಸುತ್ತ ಹೋಗಬೇಕು. ಬಿಡಿಸುವಾಗ ಹಾಳೆಯನ್ನು ಎಳೆಯಬೇಡಿ, ಪ್ಲಾಸ್ಟಿಕ್ಕನ್ನು ಎಳೆಯಿರಿ. ತುಂಡನ್ನು ಮೇಜಿನ ಅಂಚಿಗೆ ಚಿತ್ರ ಮೇಲೆ ಬರುವಂತೆ ಇಟ್ಟು, ಪ್ಲಾಸ್ಟಿಕ್ಕನ್ನು ಅಂಚಿನಿಂದ ಕೆಳಕ್ಕೆ ಬಗ್ಗಿಸಿ ಮೆಲ್ಲಗೆ ಇಳಿಸುತ್ತಾ ಹೋದರೆ ಐಸಿಂಗ್ ಪದರ ತಾನಾಗಿ ಮುಂದಕ್ಕೆ ಬರುತ್ತದೆ. ಬಂದಷ್ಟನ್ನು ಅಂಗೈ ಮೇಲೆ ಹಿಡಿಯಬೇಕು. ಕೈ ಒಣಗಿರಬೇಕು. ಬೆವರಿನ ಬೆರಳು ತಾಗಿದ ಕಡೆ ಬಣ್ಣ ಎದ್ದು ಬರುತ್ತದೆ.

ಅಂಟಿಸಲು ಎರಡು ದಾರಿ. ಐಸಿಂಗ್ ಮೇಲ್ಭಾಗ ಕೆನೆ ಕಟ್ಟಿ, ಒಳಗೆ ಇನ್ನೂ ಹಸಿ ಇರುವಾಗ ಇಟ್ಟುಬಿಡುವುದು ಒಂದು. ಪೂರ್ತಿ ಒಣಗಿದ ಮೇಲೆ ಗ್ಲುಕೋಸ್ ಸವರಿ ಅಂಟಿಸುವುದು ಇನ್ನೊಂದು. ಎರಡನ್ನೂ ಮಾಡಿ ನೋಡಿದೆವು. ಮೊದಲನೆಯದು ಚಿತ್ರಕ್ಕೆ ಪರವಾಗಿಲ್ಲ, ಅಕ್ಷರಕ್ಕೆ ಬೇಡ. ಒಳಗಿನ ತೇವ ಮೇಲೆ ಬರುವಾಗ ಶಾಯಿಯನ್ನೂ ಕದಲಿಸುತ್ತದೆ, ಸೃಷ್ಟಿಯ ಒತ್ತು ಮತ್ತೆ ಮಸಿ ಬಿಂದು. ಜೊತೆಗೆ ನಮ್ಮ ಹವೆಯಲ್ಲಿ ಆ ಅರೆಹಸಿ ಹೊತ್ತು ತೀರಾ ಕಡಿಮೆ, ಹತ್ತು ಕುಕ್ಕಿ ಮುಗಿಸುವಷ್ಟರಲ್ಲಿ ಹನ್ನೊಂದನೆಯದು ಒಣಗಿರುತ್ತದೆ. ಹಾಗಾಗಿ ಎರಡನೆಯದೇ ಗಟ್ಟಿ. ಲಿಕ್ವಿಡ್ ಗ್ಲುಕೋಸ್ ಒಂದು ಚಮಚ, ಬೆಚ್ಚನೆ ನೀರು ಕೆಲವು ಹನಿ. ಬ್ರಷ್ ಅದ್ದಿ, ಬಟ್ಟಲಿನ ಅಂಚಿಗೆ ಒರೆಸಿ, ಐಸಿಂಗ್ ಮೇಲೆ ಹೊಳಪು ಕಾಣುವಷ್ಟು ಮಾತ್ರ ಸವರಬೇಕು. ಮೊದಲು ನಡುವೆ ತಾಗಿಸಿ, ಒಣ ಬೆರಳಿನಿಂದ ಅಂಚಿನ ಕಡೆ ಒತ್ತುತ್ತಾ ಬನ್ನಿ. ಮೊದಲು ಅಂಚು ಸ್ವಲ್ಪ ಎದ್ದಿರುತ್ತದೆ. ಎರಡು ಮೂರು ನಿಮಿಷ ಕಳೆದರೆ ಹಾಳೆ ಮೆತ್ತಗಾಗಿ ತಾನೇ ಕೂರುತ್ತದೆ, ಬೆರಳು ಓಡಿಸಿದರೆ ಅಂಚು ಎಲ್ಲಿದೆ ಅಂತ ಹುಡುಕಬೇಕು. ಗುಳ್ಳೆ ಬಂದರೆ ಸೂಜಿಯಿಂದ ಒಂದು ಚುಚ್ಚು.

ಸುತ್ತಲೂ ತಂಗಿ ಗಟ್ಟಿ ಐಸಿಂಗ್‌ನಿಂದ ಸಣ್ಣ ಮಣಿಗಳ ಸಾಲು ಬಿಟ್ಟಳು, ಒಂದು ಕೆಂಪು, ಒಂದು ಹಳದಿ. ವಕ್ರವಾಗಿ ಕತ್ತರಿಸಿದ ಅಂಚೆಲ್ಲ ಅದರ ಕೆಳಗೆ ಮಾಯ.

ಆದ ಕುಕ್ಕಿಯನ್ನು ಫ್ರಿಜ್ಜಿನಲ್ಲಿ ಇಡಬೇಡಿ. ಹೊರಗೆ ತೆಗೆದ ಕೂಡಲೇ ಮೇಲೆ ನೀರಿನ ಹನಿ ಕೂತು ಬಣ್ಣ ಹರಿಯುತ್ತದೆ. ಕಿಟಕಿಯ ಬಿಸಿಲಿಗೂ ಇಡಬೇಡಿ, ಈ ಬಣ್ಣಗಳು ಬೆಳಕಿಗೆ ಮಾಸುತ್ತವೆ. ಕತ್ತಲಿನ ಕಪಾಟು, ಗಾಳಿಯಾಡದ ಡಬ್ಬಿ, ಡಬ್ಬಿಯ ಕೆಳಗೆ ಇರುವೆಗೆ ನೀರಿನ ತಟ್ಟೆ. ಒಂದೊಂದನ್ನೂ ಸಣ್ಣ ಕವರಿನಲ್ಲಿ ಹಾಕಿ ಸೀಲ್ ಮಾಡಿದೆವು. ಕವರಿನ ಮೇಲೆ ಬಣ್ಣಗಳ ನಂಬರು, "ಮೊಟ್ಟೆ ಇಲ್ಲ" ಅಂತ ಚೀಟಿ. ಗಂಗಾವತಿಯ ನೆಂಟರಿಗೆ ಹೋಗಬೇಕಾದ ಡಬ್ಬಿಯನ್ನು ಬೆಳಗಿನ ಬಸ್ಸಿಗೇ ಕೊಟ್ಟೆವು, ಮಧ್ಯಾಹ್ನದ ಬಸ್ಸಿನಲ್ಲಿ ಬೆಣ್ಣೆ ಉಳಿಯುವುದಿಲ್ಲ.

ಒಂದು ಮಾತು ಗಿರಾಕಿಗಳಿಗೆ ಮುಂಚೆಯೇ ಹೇಳಿಬಿಡಿ: ತಿಂದವರ ನಾಲಿಗೆಗೆ ಬಣ್ಣ ಹತ್ತುತ್ತದೆ, ಮಕ್ಕಳ ಅಂಗಿಗೂ ಹತ್ತುತ್ತದೆ. ನೀರಲ್ಲಿ ತೊಳೆದರೆ ಹೋಗುತ್ತದೆ. ಅಜ್ಜಿ ಆನೆಯ ಕುಕ್ಕಿ ಒಂದನ್ನು ತಿನ್ನದೆ ಎತ್ತಿಟ್ಟಿದ್ದಾರಂತೆ. "ಗೊಂಬಿನೂ ಕಡಿಯಾಕ ಮನಸ ಬರವಲ್ದು" ಅಂದರಂತೆ. ಅದಕ್ಕೆ ನಮ್ಮಲ್ಲಿ ಔಷಧಿ ಇಲ್ಲ.

ಉಳಿದ ಶಾಯಿಯನ್ನು ಸುಮ್ನೆ ಬಿಡುವ ಹಾಗಿಲ್ಲ. ಇದರಲ್ಲಿ ಬಣ್ಣವನ್ನು ತೇವವಾಗಿ ಇಡುವ ಗ್ಲಿಸರಿನ್ ಇದ್ದರೂ ನಮ್ಮ ಬೇಸಿಗೆಗೆ ಹೆಡ್ಡಿನ ತೂತುಗಳು ಬೇಗ ಕಟ್ಟಿಕೊಳ್ಳುತ್ತವೆ. ವಾರಕ್ಕೊಮ್ಮೆ ನಾಲ್ಕು ಬಣ್ಣದ ಪಟ್ಟಿ ಪ್ರಿಂಟ್ ಮಾಡಿ, ಪ್ರಿಂಟರ್ ಮೇಲೆ ಪ್ಲಾಸ್ಟಿಕ್ ಹೊದಿಕೆ ಹಾಕಿ ಇಡುತ್ತೇನೆ. ಒಂದು ಬಣ್ಣ ಬರದಿದ್ದರೆ ಹೆಡ್ ಕ್ಲೀನಿಂಗ್ ಒಂದೆರಡು ಸಲ ಕೊಟ್ಟು, ರಾತ್ರಿ ಹಾಗೇ ಬಿಟ್ಟು ಬೆಳಿಗ್ಗೆ ನೋಡುವುದು. ಮೇಲಿಂದ ಮೇಲೆ ಕ್ಲೀನಿಂಗ್ ಕೊಟ್ಟರೆ ದುಬಾರಿ ಶಾಯಿಯೆಲ್ಲ ತಳದ ಸ್ಪಾಂಜಿಗೇ ಹೋಗುತ್ತದೆ. ಪಟ್ಟಿ ಪ್ರಿಂಟ್ ಮಾಡುವುದು ವೇಫರ್ ಪೇಪರಿನ ಚೂರುಗಳ ಮೇಲೆ, ಆ ಚೂರುಗಳಿಗೆ ತಂಗಿಯ ಮಗ ವಾರವಿಡೀ ಕಾಯುತ್ತಾನೆ. ಅವನಿಗೆ ನೀಲಿ ಪಟ್ಟಿಯೇ ಬೇಕು.